ಮುಳ್ಳು ಸುಳ್ಳು ಹೇಳದಂತೆ

ಗದ್ವಾಲದಿಂದ ಮಲ್ದಕಲ್ ಕಡೆಗೆ ಬಂದರೆ ಎಲ್ಲಿ ನೋಡಿದರೂ ಹತ್ತಿ ಬೀಜದ ಹೊಲ. ಹೊಲ ಇದ್ದಲ್ಲಿ ಬೋರು, ಬೋರು ಇದ್ದಲ್ಲಿ ಸುಡುವ ಮೋಟರು, ಮೋಟರು ಸುಟ್ಟಲ್ಲಿ ರೀವೈಂಡಿಂಗ್ ಅಂಗಡಿ. ಹಳೆಯ ಅಳತೆ ಉಪಕರಣ ಬೇಕೆಂದರೆ ಎಲ್ಲರೂ ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೈದರಾಬಾದಿನ ಕೋಠಿಗೋ ಓಡುತ್ತಾರೆ. ನಾನು ಮೊದಲು ಹೋಗುವುದು ಈ ರೀವೈಂಡಿಂಗ್ ಅಂಗಡಿಗಳಿಗೆ, ಬಾಗಿಲು ಮುಚ್ಚಿದ ರೇಡಿಯೋ ರಿಪೇರಿ ಅಂಗಡಿಗಳ ಅಟ್ಟಕ್ಕೆ. ಇನ್ಸುಲೇಷನ್ ಅಳೆಯಲು ಕೈಯಿಂದ ತಿರುಗಿಸುವ ಮೆಗ್ಗರ್, ಬೇಕಲೈಟ್ ಪೆಟ್ಟಿಗೆಯ ಏವೋ ಮೀಟರ್, ಟಿವಿ ಮೆಕ್ಯಾನಿಕ್ಕುಗಳ ಕೈಯಲ್ಲಿ ಸವೆದ ಜಪಾನಿನ ಸಾನ್ವಾ, ನಾಸಿಕದ ಮೋಟ್ವಾನೆ, ಕಾಲೇಜಿನ ಲ್ಯಾಬಿನಿಂದ ಹೊರಬಿದ್ದ ಆಸಿಲೋಸ್ಕೋಪ್ ಅಂದರೆ ಸಿಆರ್‌ಓ. ಇವೆಲ್ಲ ಇನ್ನೂ ನಮ್ಮ ತೆಲಂಗಾಣ–ಕರ್ನಾಟಕ ಗಡಿಭಾಗದಲ್ಲಿವೆ.

ಇವನ್ನು ಕೂಡಿಸುವುದು, ಬಿಚ್ಚುವುದು, ತೊಳೆಯುವುದು, ಮತ್ತೆ ನಡೆಸುವುದು ನನ್ನ ಬಹುಕಾಲದ ಕೆಲಸ. ರಾಯಚೂರು, ಮಕ್ತಲ್, ನಾರಾಯಣಪೇಟೆ ಕಡೆಯ ಹುಡುಗರು ಈಗೀಗ ಬಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ರೇಡಿಯೋ ಹಾಡಿದರೆ ಅದರ ರಿಪೇರಿ ಮುಗಿಯಿತು. ಮೀಟರಿನ ಮುಳ್ಳು ಅಲುಗಿದರೆ ರಿಪೇರಿ ಈಗಷ್ಟೇ ಶುರುವಾಯಿತು ಎಂದು ತಿಳಿಯಿರಿ. ಅದು ತೋರಿಸುವುದು ನಿಜವೋ ಅಲ್ಲವೋ ಗೊತ್ತಾಗುವತನಕ ಅದು ಗೂಡಿನಲ್ಲಿಟ್ಟ ಗೊಂಬೆ ಇದ್ದ ಹಾಗೆ.

1. ಕಂಪನಿಯ ಹೆಸರಿಗಿಂತ ಮೊದಲು ಡಯಲ್ಲಿನ ಮೂಲೆ ಓದಿ

ಗುಜರಿಯವರು ಮೀಟರನ್ನು ಕೈಗಿಟ್ಟಾಗ ಎಲ್ಲರ ಕಣ್ಣು ಹೆಸರಿನ ಮೇಲೆ ಹೋಗುತ್ತದೆ. ನೀವು ಡಯಲ್ಲಿನ ಕೆಳಮೂಲೆ ನೋಡಿ. ಅಲ್ಲಿ ಕುದುರೆ ಲಾಳದ ಆಕಾರವಿದ್ದರೆ ಕಾಯಂ ಅಯಸ್ಕಾಂತದ ನಡುವೆ ಸುರುಳಿ ತಿರುಗುವ ಮೀಟರು ಅದು. ಅಡ್ಡಗೆರೆಯ ಮೇಲೆ ನೆಟ್ಟಗೆ ನಿಂತ ಗೆರೆ ಇದ್ದರೆ ಮೀಟರನ್ನು ನಿಲ್ಲಿಸಿ ಓದಬೇಕು, ಮಲಗಿದ ಪಟ್ಟಿಯ ಗುರುತಿದ್ದರೆ ಮಲಗಿಸಿ ಓದಬೇಕು. ನಕ್ಷತ್ರದೊಳಗೆ 2 ಎಂದಿದ್ದರೆ ಅದರ ಇನ್ಸುಲೇಷನ್ನನ್ನು 2,000 ವೋಲ್ಟಿನಲ್ಲಿ ಪರೀಕ್ಷಿಸಿದ್ದಾರೆ ಎಂದರ್ಥ.

ಒಂಟಿಯಾಗಿ 1, 1.5, 2.5 ಎಂದು ಬರೆದಿರುವುದು ನಿಖರತೆಯ ದರ್ಜೆ. ಹಲವರು ಇದನ್ನು ತಪ್ಪಾಗಿ ಓದುತ್ತಾರೆ. 2.5 ಎಂದರೆ ಪೂರ್ತಿ ಸ್ಕೇಲಿನ ಶೇಕಡಾ 2.5. ಸ್ಕೇಲು 250 ವೋಲ್ಟಿನದಾದರೆ ಎಲ್ಲಿ ಓದಿದರೂ 6.25 ವೋಲ್ಟು ಹೆಚ್ಚುಕಡಿಮೆ ಬರಬಹುದು. ಅದೇ ಸ್ಕೇಲಿನಲ್ಲಿ 50 ವೋಲ್ಟು ಓದಿದರೂ ವ್ಯತ್ಯಾಸ ಅಷ್ಟೇ ಇರಬಹುದು, ಅಂದರೆ ಓದಿದ ಅಂಕಿಯ ಶೇಕಡಾ 12.5. ಆದ್ದರಿಂದ ಮುಳ್ಳು ಸ್ಕೇಲಿನ ಬಲಗಡೆಗೆ ಹೋಗಿ ನಿಲ್ಲುವಂಥ ರೇಂಜನ್ನೇ ಆರಿಸಿಕೊಳ್ಳಬೇಕು.

ಇನ್ನು ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಒಂದು ಪರೀಕ್ಷೆ. ಮೀಟರನ್ನು ಮೆಲ್ಲಗೆ ಎಡಬಲಕ್ಕೆ ತೂಗಿ, ಮುಳ್ಳು ಹೇಗೆ ಆಡುತ್ತದೆ ನೋಡಿ. ಆಮೇಲೆ ಎರಡು ಟರ್ಮಿನಲ್ಲಿಗೂ ಒಂದು ತುಂಡು ತಂತಿ ಕಟ್ಟಿ ಮತ್ತೆ ತೂಗಿ. ಮಲ್ಟಿಮೀಟರ್ ಆಗಿದ್ದರೆ ತೀರ ಸಣ್ಣ ಡಿಸಿ ಕರೆಂಟ್ ರೇಂಜಿನಲ್ಲಿಡಿ. ಕಾಯಿಲ್ ಸರಿಯಿದ್ದರೆ ತಂತಿ ಕಟ್ಟಿದಾಗ ಮುಳ್ಳು ಭಾರವಾಗಿ, ನಿಧಾನವಾಗಿ ಚಲಿಸುತ್ತದೆ. ಸುರುಳಿ ತಿರುಗಿದಾಗ ಅದರಲ್ಲಿ ಹುಟ್ಟುವ ಕರೆಂಟು ಅದನ್ನೇ ತಡೆಯುತ್ತದೆ. ಎರಡು ಸಲವೂ ಒಂದೇ ತರಹ ಆಡಿದರೆ ಕಾಯಿಲ್ ಓಪನ್ ಆಗಿರುವ ಸಂಭವವೇ ಹೆಚ್ಚು. ಅಂಥದ್ದನ್ನು ಬಿಡಿಭಾಗಕ್ಕೆ ಬೇಕಾದರೆ ಮಾತ್ರ ಕೊಳ್ಳಿ.

2. ಸೀರೀಸ್ ಬಲ್ಬ್ ಇಲ್ಲದೆ ಯಾವುದಕ್ಕೂ ಕರೆಂಟು ಕೊಡಬೇಡಿ

ವರ್ಷಗಟ್ಟಲೆ ಮಲಗಿದ ಉಪಕರಣ ಮನೆಗೆ ಬಂದ ಕೂಡಲೇ ಪ್ಲಗ್ಗಿಗೆ ಹಾಕಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ಆ ಆಸೆ ಎಷ್ಟೋ ಟ್ರಾನ್ಸ್‌ಫಾರ್ಮರುಗಳನ್ನು ಸುಟ್ಟಿದೆ. ಹಳೆಯ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅಂಥದ್ದೇ ಮತ್ತೊಂದು ಸಿಗುವುದಿಲ್ಲ, ಸುತ್ತಿಸಬೇಕಾಗುತ್ತದೆ.

ನಮ್ಮ ಕಡೆಯ ರೇಡಿಯೋ ಮೆಕ್ಯಾನಿಕ್ಕುಗಳು ಹಲಗೆಯ ಮೇಲೆ ಒಂದು ಹೋಲ್ಡರು, ಒಂದು ಸಾಕೆಟ್ಟು ಕೂಡಿಸಿ ಮಾಡಿಕೊಂಡ ಸೀರೀಸ್ ಬಲ್ಬ್ ಇದಕ್ಕೆ ಮದ್ದು. ಅದು ಕೆಲಸ ಮಾಡುವುದು ಹೀಗೆ. 100 ವ್ಯಾಟಿನ ಬಲ್ಬು ಪೂರ್ತಿ ಉರಿಯುವಾಗ ಅದರ ರೆಸಿಸ್ಟೆನ್ಸು 529 ಓಮ್. ತಣ್ಣಗಿದ್ದಾಗ ಅಳೆದರೆ ಸುಮಾರು 40 ಓಮ್ ಅಷ್ಟೇ. ಉಪಕರಣ ಸರಿಯಿದ್ದರೆ ಬಲ್ಬು ಒಮ್ಮೆ ಮಿನುಗಿ ಮಂದವಾಗುತ್ತದೆ. ಆ ಮಿನುಗು ಒಳಗಿನ ಫಿಲ್ಟರ್ ಕಂಡೆನ್ಸರುಗಳು ತುಂಬಿಕೊಂಡ ಗುರುತು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಗಿ ವೋಲ್ಟೇಜನ್ನೆಲ್ಲ ತನ್ನ ಮೇಲೆ ಹಾಕಿಕೊಳ್ಳುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ.

ಬಿಸಿಯಾದಂತೆ ತಂತಿಯ ರೆಸಿಸ್ಟೆನ್ಸು ಏರುವ ಈ ಗುಣದ ಮೇಲೆಯೇ ಜಗತ್ತಿನ ಒಂದು ದೊಡ್ಡ ಅಳತೆ ಉಪಕರಣ ಕಂಪನಿ ಹುಟ್ಟಿತು. 1939ರಲ್ಲಿ ಬಿಲ್ ಹ್ಯೂಲೆಟ್, ಡೇವ್ ಪ್ಯಾಕರ್ಡ್ ಇಬ್ಬರೂ ಅಮೆರಿಕದ ಪಾಲೋ ಆಲ್ಟೋದ ಗ್ಯಾರೇಜಿನಲ್ಲಿ ಶುರುಮಾಡಿದ ಕಂಪನಿಯ ಮೊದಲ ಮಾಲು 200ಎ ಎಂಬ ಆಡಿಯೋ ಆಸಿಲೇಟರ್. ಆಸಿಲೇಟರಿನ ಸದ್ದು ಒಂದೇ ಮಟ್ಟದಲ್ಲಿ ನಿಲ್ಲಬೇಕು, ಅದೇ ಕಷ್ಟ. ಹ್ಯೂಲೆಟ್ ಸರ್ಕಿಟ್ಟಿನೊಳಗೆ ಒಂದು ಪುಟ್ಟ ಬಲ್ಬು ಸೇರಿಸಿದರು. ಸಿಗ್ನಲ್ ಹೆಚ್ಚಾದರೆ ಬಲ್ಬು ಬಿಸಿಯಾಗಿ ಅದರ ರೆಸಿಸ್ಟೆನ್ಸು ಏರುತ್ತದೆ, ಆಂಪ್ಲಿಫೈಯರಿನ ಜೋರು ತಾನಾಗಿ ತಗ್ಗುತ್ತದೆ. ವಾಲ್ಟ್ ಡಿಸ್ನಿಯವರ ಸ್ಟುಡಿಯೋ ‘ಫ್ಯಾಂಟೇಸಿಯಾ’ ಚಿತ್ರದ ಧ್ವನಿಗಾಗಿ ಇದರದೇ ಮುಂದಿನ ಮಾದರಿ 200ಬಿಯ ಎಂಟು ಸೆಟ್ಟು ಕೊಂಡಿತು. ನಮ್ಮ ಕಡೆಯ ಐಜ ಊರಿನ ಒಬ್ಬ ಮೆಕ್ಯಾನಿಕ್ಕಿನ ಹಲಗೆಯ ಮೇಲೂ ಹ್ಯೂಲೆಟ್‌ರ ಪೆಟ್ಟಿಗೆಯೊಳಗೂ ನಡೆಯುವುದು ಒಂದೇ ವಿದ್ಯೆ. ಕಲಿಯಲು ಬಂದವರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಎಲ್‌ಇಡಿ ಬಲ್ಬು ಈ ಸೀರೀಸ್ ಹಲಗೆಗೆ ಬರುವುದಿಲ್ಲ. ತಂತಿ ಉರಿಯುವ ಬಲ್ಬುಗಳು ಅಂಗಡಿಗಳಿಂದ ಮರೆಯಾಗುತ್ತಿವೆ. 40, 60, 100, 200 ವ್ಯಾಟಿನವು ಸಿಕ್ಕಾಗ ಕೊಂಡಿಡಿ.

ಬಲ್ಬಿಗಿಂತ ಮುಂಚೆ ನೋಡಬೇಕಾದ್ದು ಹಿಂಬದಿಯ ವೋಲ್ಟೇಜ್ ಟ್ಯಾಪು. ಅಮೆರಿಕದಿಂದ ಬಂದ ಸೆಟ್ಟು 115ರಲ್ಲೇ ಇರಬಹುದು. ಬೇರೆ ಟ್ಯಾಪುಗಳಿದ್ದರೆ 220 ಬೇಡ, 240ಕ್ಕೇ ಇಡಿ. ನಮ್ಮಲ್ಲಿ ಪಂಪ್‌ಸೆಟ್ಟುಗಳು ನಡೆಯುವಾಗ ಲೈನು ಕುಸಿಯುತ್ತದೆ, ಅವು ನಿಂತ ಮೇಲೆ 250ರ ಹತ್ತಿರ ಏರುತ್ತದೆ. ಅರ್ತಿಂಗ್ ಇಲ್ಲದ ಮನೆಯಲ್ಲಿ ಈ ಕೆಲಸಕ್ಕೆ ಕೂರಬೇಡಿ.

3. ಕರಾವಳಿಯ ರೋಗ ಬೇರೆ, ನಮ್ಮ ರೋಗ ಬೇರೆ

ಮಂಗಳೂರು, ಕಾಸರಗೋಡು ಕಡೆಯಿಂದ ಬಂದ ಉಪಕರಣದಲ್ಲಿ ತುಕ್ಕು, ಬೂಷ್ಟು. ನಮ್ಮ ಕೃಷ್ಣಾ–ತುಂಗಭದ್ರೆಯ ನಡುವಿನ ಬಿಸಿಲುನಾಡಿನಲ್ಲಿ ಆ ಕಾಟ ಕಡಿಮೆ. ಇಲ್ಲಿ ಒಣಗುವುದೇ ರೋಗ. ರಬ್ಬರ್ ಹೊದಿಕೆಯ ವೈರು ಮುಟ್ಟಿದರೆ ಪುಡಿಯಾಗುತ್ತದೆ, ಸ್ವಿಚ್ಚಿನ ಗ್ರೀಸು ಗಟ್ಟಿಯಾಗಿ ಅಂಟಾಗುತ್ತದೆ, ಕಾಗದದ ಕಂಡೆನ್ಸರಿನ ಮೇಣ ಕರಗಿ ಕೆಳಗೆ ಇಳಿದಿರುತ್ತದೆ. ವೈರು ಹಳೆಯದೆಂದು ಎಲ್ಲವನ್ನೂ ಕಿತ್ತು ಹಾಕಬೇಡಿ. ಬಾಗಿಸಿದಾಗ ಬಿರುಕು ಬಿಡುವ ರಬ್ಬರನ್ನು ಮಾತ್ರ ಬದಲಿಸಿ. ಪ್ಲಾಸ್ಟಿಕ್ ವೈರು ಸಾಮಾನ್ಯವಾಗಿ ತಡೆದಿರುತ್ತದೆ.

ಗಾಳಿ ಕಿಂಡಿಯಿಂದ ಒಳಹೊಕ್ಕ ಹಲ್ಲಿ, ಅದರ ಮೊಟ್ಟೆ, ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು, ಇವು ಇಲ್ಲದ ಸಿಆರ್‌ಓವನ್ನು ನಾನು ಈ ಭಾಗದಲ್ಲಿ ನೋಡಿದ್ದು ಕಡಿಮೆ. ಹಲ್ಲಿಯ ಹಿಕ್ಕೆ ತಾಮ್ರದ ಗೆರೆಯನ್ನು ತಿನ್ನುತ್ತದೆ, ಆದ್ದರಿಂದ ಧೂಳಿಗಿಂತ ಮೊದಲು ಅದನ್ನು ತೆಗೆಯಿರಿ. ಒಣ ಪೇಂಟ್ ಬ್ರಷ್ಷು, ಆಮೇಲೆ ಐಸೋಪ್ರೊಪೈಲ್ ಸ್ಪಿರಿಟ್ಟು ಸಾಕು. ಥಿನ್ನರ್, ಪೆಟ್ರೋಲು ಮುಂಭಾಗದ ಅಕ್ಷರಗಳನ್ನೇ ಅಳಿಸಿಬಿಡುತ್ತವೆ. ರೋಟರಿ ಸ್ವಿಚ್ಚಿಗೆ ಕ್ಲೀನರನ್ನು ಸ್ಪ್ರೇ ಮಾಡಿ ತೋಯಿಸಬೇಡಿ. ಕಾಂಟ್ಯಾಕ್ಟಿಗೆ ಒಂದೊಂದು ಹನಿ ಬಿಟ್ಟು ಸ್ವಿಚ್ಚನ್ನು ತಿರುಗಿಸುತ್ತ ಹೋಗಿ. ಮರಳು ಕಾಗದ ಬೇಡವೇ ಬೇಡ. ಕಾಂಟ್ಯಾಕ್ಟಿನ ಮೇಲಿನ ಬೆಳ್ಳಿ ಹೋದರೆ ಆ ಸ್ವಿಚ್ಚಿನ ಆಯುಷ್ಯವೂ ಹೋಯಿತು.

4. ರೀವೈಂಡಿಂಗ್ ಅಂಗಡಿಯ ಮೇಜಿನ ಮೇಲೆ ಮೀಟರಿನ ಗಾಜು ಬಿಚ್ಚಬೇಡಿ

ಅಲ್ಲಿ ಗಾಳಿಯಲ್ಲೇ ಕಬ್ಬಿಣದ ಪುಡಿ ಇರುತ್ತದೆ. ಮೀಟರಿನ ಅಯಸ್ಕಾಂತ ಅದನ್ನು ಸೆಳೆದುಕೊಳ್ಳುತ್ತದೆ. ಕೂದಲೆಳೆಯಷ್ಟು ಸಂದಿನಲ್ಲಿ ಒಂದು ಕಣ ಸಿಕ್ಕಿಕೊಂಡರೆ ಮುಳ್ಳು ಯಾವುದೋ ಒಂದೇ ಅಂಕಿಯ ಹತ್ತಿರ ತಡೆದು ನಿಲ್ಲುತ್ತದೆ. ಊದಿದರೆ ಕಣ ಇನ್ನೂ ಒಳಗೆ ಹೋಗುತ್ತದೆ. ಅಂಟು ಟೇಪನ್ನು ತೆಳ್ಳಗೆ ಕತ್ತರಿಸಿ, ಸಂದಿಗೆ ಇಳಿಸಿ, ಕಣವನ್ನು ಅಂಟಿಸಿಕೊಂಡು ಎತ್ತಬೇಕು. ಇದನ್ನು ಮನೆಯಲ್ಲಿ, ಬಿಳಿ ಕಾಗದ ಹಾಸಿ, ಫ್ಯಾನು ಆರಿಸಿ ಮಾಡಿ.

ಬೇಸಿಗೆಯಲ್ಲಿ ಇನ್ನೊಂದು ತೊಂದರೆ. ಪ್ಲಾಸ್ಟಿಕ್ ಮುಖವನ್ನು ಒಣ ಬಟ್ಟೆಯಿಂದ ಒರೆಸಿದರೆ ಸ್ಟ್ಯಾಟಿಕ್ ಹುಟ್ಟಿ ಮುಳ್ಳು ತಾನಾಗಿಯೇ ಮೇಲಕ್ಕೆ ಎದ್ದು ನಿಲ್ಲುತ್ತದೆ. ಮೀಟರು ಕೆಟ್ಟಿತೆಂದು ಹೆದರುವವರಿದ್ದಾರೆ. ಪಾತ್ರೆ ತೊಳೆಯುವ ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ತೆಳ್ಳಗೆ ಸವರಿ ಆರಲು ಬಿಡಿ, ಸಾಕು.

ಬಸ್ಸಿನಲ್ಲಿ ಮೀಟರು ಸಾಗಿಸುವಾಗ ಟರ್ಮಿನಲ್ಲುಗಳನ್ನು ತಂತಿಯಿಂದ ಕೂಡಿಸಿ, ತೊಡೆಯ ಮೇಲಿಟ್ಟುಕೊಳ್ಳಿ. ಮೊದಲ ಪಾಠದಲ್ಲಿ ಹೇಳಿದ ತಡೆಯೇ ಇಲ್ಲಿ ಮುಳ್ಳನ್ನು ಕಾಯುತ್ತದೆ.

5. ಸೋರಿದ ಸೆಲ್ಲು ಯಾವ ಜಾತಿಯದೆಂದು ತಿಳಿದು ತೊಳೆಯಿರಿ

ಹಳೆಯ ಸತುವಿನ ಟಾರ್ಚ್ ಸೆಲ್ಲು ಸೋರಿದ್ದು ಆಮ್ಲ. ಅಡುಗೆ ಸೋಡಾ ಕಲಸಿದ ನೀರಿನಿಂದ ಒರೆಸಿ. ಆಲ್ಕಲೈನ್, ನಿಕ್ಕಲ್-ಕ್ಯಾಡ್ಮಿಯಂ ಸೆಲ್ಲು ಸೋರಿದ್ದು ಕ್ಷಾರ. ಅದಕ್ಕೆ ವಿನೆಗರ್ ಅಥವಾ ನಿಂಬೆರಸ. ಕೊನೆಗೆ ಸ್ಪಿರಿಟ್ಟು. ಮೀಟರನ್ನು ಅಟ್ಟಕ್ಕೆ ಏರಿಸುವ ಮುಂಚೆ ಸೆಲ್ಲು ತೆಗೆದಿದ್ದರೆ ಇದ್ಯಾವುದೂ ಬೇಕಾಗುತ್ತಿರಲಿಲ್ಲ.

6. ಎಲ್ಲ ಕಂಡೆನ್ಸರನ್ನೂ ಬದಲಿಸುವುದು ರಿಪೇರಿಯಲ್ಲ

ಬದಲಿಸಲೇಬೇಕಾದವು ಕೆಲವಿವೆ. ಮೇಣ ತುಂಬಿದ ಕಾಗದದ ಕಂಡೆನ್ಸರುಗಳು ಲೀಕ್ ಆಗುತ್ತವೆ. ಮೇನ್ಸ್ ಪ್ರವೇಶದಲ್ಲಿ ಕೂರಿಸಿದ ಪಾರದರ್ಶಕ ಹಳದಿ ಕವಚದ ರಿಫಾ ಕಂಡೆನ್ಸರುಗಳಲ್ಲಿ ವಯಸ್ಸಾದಂತೆ ಬಿರುಕು ಬಿದ್ದು ತೇವ ಒಳಸೇರುತ್ತದೆ. ಕರೆಂಟು ಕೊಟ್ಟ ಸ್ವಲ್ಪ ಹೊತ್ತಿಗೆ ದಟ್ಟ ಹೊಗೆಯೆದ್ದು ಮನೆಯವರೆಲ್ಲ ಓಡಿಬರುತ್ತಾರೆ. ಹನಿಯಾಕಾರದ ಟ್ಯಾಂಟಲಮ್ ಕಂಡೆನ್ಸರು ಸುಳಿವೇ ಕೊಡದೆ ಶಾರ್ಟ್ ಆಗುತ್ತದೆ. ಕಾರ್ಬನ್ ರೆಸಿಸ್ಟರುಗಳು ವರ್ಷ ಕಳೆದಂತೆ ತಮ್ಮ ಓಮ್ ಏರಿಸಿಕೊಳ್ಳುತ್ತವೆ, ಒಂದು ಕಾಲನ್ನು ಬಿಡಿಸಿ ಅಳೆಯಿರಿ.

ದೊಡ್ಡ ಎಲೆಕ್ಟ್ರೊಲಿಟಿಕ್‌ಗಳು ಹಾಗಲ್ಲ. ಒಳ್ಳೆಯ ಕಂಪನಿಯವು ಇಂದಿಗೂ ಬದುಕಿರುತ್ತವೆ. ಅವನ್ನು ಸರ್ಕಿಟ್ಟಿನಿಂದ ಬಿಡಿಸಿ, ಕೆಲವು ಕಿಲೋಓಮ್ ರೆಸಿಸ್ಟರಿನ ಮೂಲಕ ಡಿಸಿ ವೋಲ್ಟೇಜನ್ನು ಗಂಟೆಗಟ್ಟಲೆ ನಿಧಾನವಾಗಿ ಏರಿಸಿದರೆ ಒಳಗಿನ ಆಕ್ಸೈಡ್ ಪದರ ಮತ್ತೆ ಕಟ್ಟಿಕೊಳ್ಳುತ್ತದೆ. ಲೀಕೇಜ್ ಇಳಿಯದಿದ್ದರೆ ಮಾತ್ರ ಬದಲಿಸಿ.

ರೆಕ್ಕೆರೆಕ್ಕೆಯಾಗಿ ಜೋಡಿಸಿದ ಸೆಲೆನಿಯಂ ರೆಕ್ಟಿಫೈಯರ್ ಕಂಡರೆ ಎಚ್ಚರ. ಅದು ಸುಟ್ಟಾಗ ಕೆಟ್ಟ ವಾಸನೆ, ವಿಷದ ಹೊಗೆ. ಅದರ ಜಾಗಕ್ಕೆ ಸಿಲಿಕಾನ್ ಡಯೋಡ್ ಹಾಕುವಾಗ ಜೊತೆಗೊಂದು ರೆಸಿಸ್ಟರನ್ನೂ ಸೇರಿಸಬೇಕು. ಸಿಲಿಕಾನಿನಲ್ಲಿ ವೋಲ್ಟೇಜು ಕಡಿಮೆ ಬೀಳುವುದರಿಂದ ಮುಂದಿನ ಭಾಗಗಳಿಗೆ ಹೆಚ್ಚು ವೋಲ್ಟೇಜು ಹೋಗುತ್ತದೆ.

7. ಏವೋ ಮೀಟರನ್ನು ಶೋಕಿಗಲ್ಲ, ಕೆಲಸಕ್ಕೆ ಇಟ್ಟುಕೊಳ್ಳಿ

ಬ್ರಿಟನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮಕಾಡಿ ಅವರಿಗೆ ಫೋನ್ ಲೈನ್ ನೋಡಲು ಹಲವು ಮೀಟರು ಹೊರುವುದು ಸಾಕಾಗಿತ್ತು. ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತಂದರು. 1923ರಲ್ಲಿ ಅದು ಮಾರುಕಟ್ಟೆಗೆ ಬಂತು. ಅದನ್ನು ಮಾಡಿದ ಕಂಪನಿಯ ಹೆಸರಿನಲ್ಲೇ ‘ಆಟೊಮ್ಯಾಟಿಕ್ ಕಾಯಿಲ್ ವೈಂಡರ್’ ಎಂದಿತ್ತು. ಅವರು ಕಾಯಿಲ್ ಸುತ್ತುವ ಯಂತ್ರಗಳನ್ನೂ ಮಾಡುತ್ತಿದ್ದರು. ನಮ್ಮ ಮೋಟರು ಸುತ್ತುವ ಅಣ್ಣಂದಿರಿಗೆ ಇದನ್ನು ಹೇಳಿದರೆ ಆ ಮೀಟರಿನ ಮೇಲೆ ಅವರ ಕೈ ಬೇರೆ ರೀತಿ ಬೀಳುತ್ತದೆ. 1951ರಲ್ಲಿ ಬಂದ 8ನೇ ಮಾದರಿ 2008ರವರೆಗೆ ತಯಾರಾಯಿತು. ಇಷ್ಟು ದೀರ್ಘ ಬಾಳು ಕಂಡ ಅಳತೆ ಉಪಕರಣಗಳು ಬಹಳ ಇಲ್ಲ.

ಡಿಜಿಟಲ್ ಮೀಟರು ಇರುವಾಗ ಇದು ಯಾಕೆ ಎಂದು ಹುಡುಗರು ಕೇಳುತ್ತಾರೆ. ಉತ್ತರ ಹಳೆಯ ಸರ್ವೀಸ್ ಮ್ಯಾನ್ಯುಯಲ್ಲುಗಳಲ್ಲಿದೆ. ಏವೋ 8 ಡಿಸಿಯಲ್ಲಿ ವೋಲ್ಟಿಗೆ 20,000 ಓಮ್. ಅಂದರೆ 10 ವೋಲ್ಟ್ ರೇಂಜಿನಲ್ಲಿ ಅದು ಸರ್ಕಿಟ್ಟಿಗೆ 2 ಲಕ್ಷ ಓಮ್ ಆಗಿ ಕಾಣುತ್ತದೆ. ಸಾಮಾನ್ಯ ಡಿಜಿಟಲ್ ಮೀಟರು 1 ಕೋಟಿ ಓಮ್. ಈಗ 20 ವೋಲ್ಟಿಗೆ 1 ಲಕ್ಷ ಓಮಿನ ಎರಡು ರೆಸಿಸ್ಟರುಗಳನ್ನು ಸಾಲಾಗಿ ಜೋಡಿಸಿ ನಡುವೆ ಅಳೆಯಿರಿ. ಅಲ್ಲಿರಬೇಕಾದ್ದು 10 ವೋಲ್ಟು. ಡಿಜಿಟಲ್ಲು 9.95 ತೋರಿಸುತ್ತದೆ, ಏವೋ 8 ವೋಲ್ಟು ತೋರಿಸುತ್ತದೆ. ಎರಡೂ ತಮ್ಮ ಮಟ್ಟಿಗೆ ಸರಿ. ಆದರೆ ಆ ಕಾಲದ ಮ್ಯಾನ್ಯುಯಲ್ಲಿನಲ್ಲಿ ‘20,000 ಓಮ್ ಮೀಟರಿನಿಂದ ಅಳೆದದ್ದು’ ಎಂದು ಸೂಚಿಸಿ 8 ವೋಲ್ಟು ಎಂದು ಅಚ್ಚು ಹಾಕಿರುತ್ತಾರೆ. ಡಿಜಿಟಲ್ ಹಿಡಿದವರು 10 ನೋಡಿ, ಇಲ್ಲದ ದೋಷವನ್ನು ಹುಡುಕುತ್ತ ಕೂರುತ್ತಾರೆ. ಹಳೆಯ ರೇಡಿಯೋದ ಜೊತೆ ಮಾತಾಡಲು ಅದೇ ಕಾಲದ ಮೀಟರು ಬೇಕು.

ಎರಡು ಎಚ್ಚರಿಕೆ. ಓಮ್ ರೇಂಜಿನಲ್ಲಿ ಏವೋದ ಕೆಂಪು ವೈರು ನೆಗೆಟಿವ್. ಡಯೋಡು, ಟ್ರಾನ್ಸಿಸ್ಟರು ನೋಡುವಾಗ ಎಲ್ಲವೂ ತಿರುವುಮುರುವಾಗಿ ಕಾಣುತ್ತದೆ. ಸಾನ್ವಾ ಮುಂತಾದ ಮುಳ್ಳಿನ ಮೀಟರುಗಳಲ್ಲೂ ಹಾಗೆಯೇ. ಇನ್ನು ದೊಡ್ಡ ಓಮ್ ರೇಂಜಿಗೆ ಬೇಕಾದ 15 ವೋಲ್ಟಿನ ಬ್ಯಾಟರಿ ನಮ್ಮ ಊರುಗಳಲ್ಲಿ ಸಿಗುವುದಿಲ್ಲ. 3 ವೋಲ್ಟಿನ ಬಿಲ್ಲೆ ಸೆಲ್ಲು ಐದನ್ನು ಸಾಲಾಗಿ ಜೋಡಿಸಿ ಹಾಕಿ, ಸರಾಗವಾಗಿ ನಡೆಯುತ್ತದೆ. ಓದುವಾಗ ಮುಳ್ಳಿನ ಕೆಳಗಿನ ಕನ್ನಡಿಯಲ್ಲಿ ಅದರ ಬಿಂಬ ಮುಳ್ಳಿನ ಹಿಂದೆಯೇ ಮರೆಯಾಗುವಂತೆ ಕಣ್ಣನ್ನು ನೇರ ಮಾಡಿಕೊಳ್ಳಿ.

8. ಮೆಗ್ಗರ್ ಮುಳ್ಳು ಸೊನ್ನೆಗೆ ಬರಲಿಲ್ಲವೆಂದು ತಿರಸ್ಕರಿಸಬೇಡಿ

ಕೈಯಿಂದ ತಿರುಗಿಸುವ ಹಳೆಯ ಮೆಗ್ಗರಿನಲ್ಲಿ ಮುಳ್ಳನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗು ಇಲ್ಲ. ಎರಡು ಸುರುಳಿಗಳ ಎಳೆದಾಟವೇ ಮುಳ್ಳನ್ನು ನಿಲ್ಲಿಸುತ್ತದೆ. ಹಿಡಿಕೆ ನಿಂತಾಗ ಮುಳ್ಳು ಎಲ್ಲಿ ಬೇಕಾದರೂ ಇರಬಹುದು, ಅದು ದೋಷವಲ್ಲ. ಇದು ಗೊತ್ತಿಲ್ಲದೆ ತೂಕಕ್ಕೆ ಹೋದ ಒಳ್ಳೆಯ ಮೆಗ್ಗರುಗಳು ನಮ್ಮ ಭಾಗದಲ್ಲೇ ಬಹಳ. ಪರೀಕ್ಷೆ ಸುಲಭ. ವೈರುಗಳನ್ನು ಬಿಡಿಯಾಗಿಟ್ಟು ತಿರುಗಿಸಿದರೆ ಅನಂತ, ಕೂಡಿಸಿ ತಿರುಗಿಸಿದರೆ ಸೊನ್ನೆ. ನಡುವಿನ ಅಂಕಿಗೆ 1 ಮೆಗಾಓಮಿನ ಹತ್ತು ರೆಸಿಸ್ಟರುಗಳನ್ನು ಸಾಲಾಗಿ ಬೆಸೆದುಕೊಳ್ಳಿ. ಮೆಗ್ಗರಿನ 500 ವೋಲ್ಟು ಹತ್ತಕ್ಕೂ ಹಂಚಿಹೋಗುವುದರಿಂದ ಒಂದೊಂದರ ಮೇಲೆ 50 ವೋಲ್ಟು ಮಾತ್ರ ಬೀಳುತ್ತದೆ.

ಮೆಗ್ಗರ್ ಎಂಬುದು ಲಂಡನ್ನಿನ ಎವರ್ಷೆಡ್ ಅಂಡ್ ವಿಗ್ನೋಲ್ಸ್ ಕಂಪನಿ 1903ರಲ್ಲಿ ನೋಂದಾಯಿಸಿದ ಹೆಸರು. ಕಾಲಾಂತರದಲ್ಲಿ ಏವೋ, ಮೆಗ್ಗರ್ ಎರಡೂ ಒಂದೇ ಮನೆ ಸೇರಿದವು. ಒಳಗಿನ ಅಯಸ್ಕಾಂತವನ್ನು ಅದರ ಜಾಗದಿಂದ ಕದಲಿಸಬೇಡಿ, ಶಕ್ತಿ ಕುಂದುತ್ತದೆ. ಮೋಟರು ಅಳೆದ ಮೇಲೆ ವೈಂಡಿಂಗನ್ನು ಮೋಟರಿನ ಲೋಹದ ಮೈಗೆ ತಾಗಿಸಿ ಡಿಸ್ಚಾರ್ಜ್ ಮಾಡಿ. ಸ್ಟಾರ್ಟರಿನೊಳಗೆ ಎಲೆಕ್ಟ್ರಾನಿಕ್ ಬೋರ್ಡು ಇದ್ದರೆ ಅದನ್ನು ಬಿಡಿಸದೆ ಮೆಗ್ಗರ್ ಹಿಡಿಯಬೇಡಿ, 500 ವೋಲ್ಟಿಗೆ ಅದರ ಟ್ರಾನ್ಸಿಸ್ಟರುಗಳು ಉಳಿಯುವುದಿಲ್ಲ.

9. ಹುಡುಕುವ ಮೊದಲು ಸೀಮೆಯ ಚರಿತ್ರೆ ತಿಳಿಯಿರಿ

ಉಪಕರಣಗಳು ಆಕಾಶದಿಂದ ಬೀಳುವುದಿಲ್ಲ. ಎಲ್ಲಿ ಕೆಲಸ ನಡೆದಿದೆಯೋ ಅಲ್ಲೇ ಸಿಗುತ್ತವೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಚಿತ್ರ ಇಳಿಯಿತು. ಕರ್ನಾಟಕದಲ್ಲಿ ಆರಿಸಿದ್ದು ನಮ್ಮ ನೆರೆಯ ರಾಯಚೂರು, ಗುಲ್ಬರ್ಗಾ, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಕಾರ್ಯಕ್ರಮದ ಭಾಷೆಗಳಲ್ಲಿ ಕನ್ನಡ, ತೆಲುಗು ಎರಡೂ ಇದ್ದವು. ಸುಮಾರು 3 ಮೀಟರ್ ಅಗಲದ ತಂತಿಜಾಲರಿಯ ಆಂಟೆನಾ, 860 ಮೆಗಾಹರ್ಟ್ಸ್ ಸಿಗ್ನಲ್ಲು, ಹೈದರಾಬಾದಿನ ಇಸಿಐಎಲ್ ತಯಾರಿಸಿದ ಸೆಟ್ಟುಗಳು. ಕರೆಂಟೇ ಹೊಸದಾಗಿದ್ದ ಊರುಗಳಲ್ಲಿ ಅವನ್ನು ನಡೆಸಿಕೊಂಡು ಹೋದ ತಂತ್ರಜ್ಞರ ಕೈಯಲ್ಲಿ ಮೀಟರುಗಳಿದ್ದವು. ಇಸಿಐಎಲ್ ಹುಟ್ಟಿದ್ದು 1967ರಲ್ಲಿ, ಎ.ಎಸ್. ರಾವ್ ಅವರ ಮುಂದಾಳತ್ವದಲ್ಲಿ. ಬೆಂಗಳೂರಿನಲ್ಲಿ ಅದಕ್ಕೂ ಮುಂಚೆ ಟೆಲಿಫೋನ್ ಕಾರ್ಖಾನೆ ಐಟಿಐ 1948ರಲ್ಲಿ, ಬಿಇಎಲ್ 1954ರಲ್ಲಿ ಬಂದಿದ್ದವು. ಈ ಮೂರು ಹೆಸರು ಇರುವ ಪೆಟ್ಟಿಗೆ ಎಲ್ಲಿ ಕಂಡರೂ ನಾನು ಬಿಡುವುದಿಲ್ಲ.

ರಾಯಚೂರು ಹತ್ತಿರದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಲ್ಲಿ ವಿದ್ಯುತ್ ಕೊಡಲು ಶುರುಮಾಡಿತು. ಹಟ್ಟಿಯ ಚಿನ್ನದ ಗಣಿ, ಜುರಾಲಾ ಅಣೆಕಟ್ಟಿನ ವಿದ್ಯುತ್ ಕೇಂದ್ರ, ಪಾಲಿಟೆಕ್ನಿಕ್ಕುಗಳು, ರೈಲ್ವೆ, ಇವೆಲ್ಲ ಉಪಕರಣ ಇರುವ, ಹಳೆಯದಾದಾಗ ‘ಕಂಡಮ್’ ಮಾಡುವ ಜಾಗಗಳು. ಸರ್ಕಾರಿ ಹರಾಜು ಬಹುಪಾಲು ಕೇಂದ್ರ ಸರ್ಕಾರದ ಕಂಪನಿ ಎಂಎಸ್‌ಟಿಸಿ ಮೂಲಕ ಆಗುತ್ತದೆ. ಅಲ್ಲಿ ಲಾಟು ದೊಡ್ಡದು, ನಮ್ಮಂಥವರಿಗೆ ಸಲ್ಲದು. ಲಾಟು ಹಿಡಿದ ವ್ಯಾಪಾರಿಯ ಪರಿಚಯ ಮಾಡಿಕೊಳ್ಳಿ. ಹೈದರಾಬಾದಿನ ಗುರುವಾರದ ಜುಮ್ಮೇರಾತ್ ಬಜಾರು, ಬೆಂಗಳೂರಿನ ಸಂಡೇ ಬಜಾರುಗಳಿಗೆ ನಸುಕಿನಲ್ಲೇ ಹೋಗಿ.

10. ಸಿಆರ್‌ಓ ಬಿಚ್ಚುವವರು ಒಂದು ಕೈ ಜೇಬಿನಲ್ಲಿಟ್ಟುಕೊಳ್ಳಿ

ಸಣ್ಣ ಸಿಆರ್‌ಓದಲ್ಲೂ ಚಿತ್ರನಳಿಗೆಗೆ ಸುಮಾರು 2,000 ವೋಲ್ಟು ಹೋಗುತ್ತದೆ. ಆರಿಸಿದ ಮೇಲೂ ಕಂಡೆನ್ಸರುಗಳಲ್ಲಿ ಅದು ಉಳಿದಿರುತ್ತದೆ. ಒಂದು ಕೈ ಜೇಬಿನಲ್ಲಿದ್ದರೆ ಶಾಕು ಕೈಯಿಂದ ಕೈಗೆ ಎದೆ ದಾಟಿ ಹೋಗುವುದು ತಪ್ಪುತ್ತದೆ. ಹೆಚ್ಚು ಓಮಿನ ರೆಸಿಸ್ಟರನ್ನು ಉದ್ದನೆಯ ಪ್ಲಾಸ್ಟಿಕ್ ಹಿಡಿಗೆ ಕಟ್ಟಿ ನಿಧಾನವಾಗಿ ಡಿಸ್ಚಾರ್ಜ್ ಮಾಡಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸವನ್ನು ಬಿಡಿ. ನಳಿಗೆ ಒಡೆದರೆ ಗಾಜು ಸಿಡಿಯುತ್ತದೆ, ಕನ್ನಡಕ ಹಾಕಿಕೊಳ್ಳಿ. ಒಬ್ಬರೇ ಇದ್ದಾಗ ಈ ಕೆಲಸ ಮಾಡಬೇಡಿ.

ಕಲಿಯುವವರಿಗೆ ನಾನು ಹೇಳುವುದು ಇಂದೋರಿನ ಸೈಂಟಿಫಿಕ್ ಕಂಪನಿಯ ಎಚ್‌ಎಂ 203. ಜರ್ಮನಿಯ ಹಾಮೆಗ್ ವಿನ್ಯಾಸ, 20 ಮೆಗಾಹರ್ಟ್ಸ್, ಎರಡು ಚಾನೆಲ್ಲು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಲ್ಲಿ ತುಂಬಿದ್ದವು. ಥಾಣೆಯ ಆಪ್‌ಲ್ಯಾಬ್ ಕೂಡ ಒಳ್ಳೆಯದೇ. ಎಚ್‌ಎಂ 203ರ ನಂತರದ ಮಾದರಿಗಳಲ್ಲಿ ಕಾಂಪೊನೆಂಟ್ ಟೆಸ್ಟರ್ ಎಂಬ ಬಟನ್ನಿದೆ. ಒಳ್ಳೆಯ ಬೋರ್ಡಿನ ಗೆರೆಯನ್ನೂ ಕೆಟ್ಟದ್ದರ ಗೆರೆಯನ್ನೂ ಹೋಲಿಸಿ ನೋಡಿ ಕೆಟ್ಟ ಟ್ರಾನ್ಸಿಸ್ಟರನ್ನು ಹಿಡಿಯಬಹುದು.

ಅದೃಷ್ಟಕ್ಕೆ ವಾಲ್ವು ಕಾಲದ ಟೆಕ್ಟ್ರಾನಿಕ್ಸ್ ಸಿಕ್ಕರೆ ಸೋಲ್ಡರಿಂಗ್ ಐರನ್ ಎತ್ತುವ ಮುನ್ನ ನಿಲ್ಲಿ. ಟೆಕ್ಟ್ರಾನಿಕ್ಸಿನವರು 1947ರ 511 ಮಾದರಿಯಿಂದ ಸಿಗ್ನಲ್ಲಿಗೆ ಕಾದು ಗೆರೆ ಎಳೆಯುವ ಟ್ರಿಗರ್ ಪದ್ಧತಿಯನ್ನು ಮನೆಮಾತು ಮಾಡಿದರು. ಆಮೇಲಿನ ಅವರ ಸೆಟ್ಟುಗಳಲ್ಲಿ ಭಾಗಗಳು ಬೆಳ್ಳಿ ಲೇಪಿಸಿದ ಬಿಳಿ ಸೆರಾಮಿಕ್ ಪಟ್ಟಿಗಳ ಮೇಲೆ ಕೂತಿರುತ್ತವೆ. ಸಾದಾ ಸೋಲ್ಡರು ಆ ಬೆಳ್ಳಿಯನ್ನು ಕರಗಿಸಿಕೊಂಡು ಪಟ್ಟಿಯನ್ನೇ ಹಾಳು ಮಾಡುತ್ತದೆ. ಶೇಕಡಾ 3ರಷ್ಟು ಬೆಳ್ಳಿ ಬೆರೆತ ಸೋಲ್ಡರು ಬೇಕು. ಮುಂದೆ ರಿಪೇರಿ ಮಾಡುವವರಿಗೆಂದು ಕಂಪನಿಯವರೇ ಅದರ ಒಂದು ಸಣ್ಣ ಸುರುಳಿಯನ್ನು ಪೆಟ್ಟಿಗೆಯೊಳಗೆ ಇಟ್ಟು ಕಳಿಸುತ್ತಿದ್ದರು. ಯಾರೆಂದು ತಿಳಿಯದ, ಎಂದೋ ಬರಲಿರುವ ಒಬ್ಬ ಮೆಕ್ಯಾನಿಕ್ಕಿನ ಬಗ್ಗೆ ಅಷ್ಟು ಕಾಳಜಿ ಇತ್ತು. ನನಗೆ ಈ ಕೆಲಸದ ಮೇಲೆ ಗೌರವ ಹುಟ್ಟಿಸಿದ್ದು ಇಂಥ ಸಂಗತಿಗಳು.

11. ಮೀಟರನ್ನು ಅಳೆಯುವ ಮೀಟರು ಎಲ್ಲಿದೆ ಎಂದು ಕೇಳಿಕೊಳ್ಳಿ

ಇಲ್ಲಿಗೆ ಬಂದು ಬಹಳ ಜನ ಕೈಚೆಲ್ಲುತ್ತಾರೆ. ಹೊಳಪು ಬಂತು, ಮುಳ್ಳು ಆಡಿತು, ಫೋಟೋ ತೆಗೆದಾಯಿತು. ಆದರೆ ಆ ಮೀಟರನ್ನು ನಂಬಿ ಯಾರೋ ಒಬ್ಬರು ಲೈನು ಸತ್ತಿದೆ ಎಂದು ಕೈ ಹಾಕುತ್ತಾರೆ. ಸುಳ್ಳು ಹೇಳುವ ಮೀಟರಿಗಿಂತ ಮೀಟರು ಇಲ್ಲದಿರುವುದು ಮೇಲು.

ಹಿಂದೆ ಪ್ರಯೋಗಾಲಯಗಳ ಮಾನದಂಡ ಎಡ್ವರ್ಡ್ ವೆಸ್ಟನ್ 1893ರಲ್ಲಿ ಕಂಡುಹಿಡಿದ ಸೆಲ್ಲು, 1.0183 ವೋಲ್ಟು. ಅದರಲ್ಲಿ ಪಾದರಸ, ಕ್ಯಾಡ್ಮಿಯಂ ಇರುವುದರಿಂದ ಗುಜರಿಯಲ್ಲಿ ಕಂಡರೆ ಅಲ್ಲಾಡಿಸಬೇಡಿ, ಒಡೆಯಬೇಡಿ. ಇಂದು ಎಡಿ584 ಎಂಬ ಪುಟ್ಟ ಐಸಿ 2.5, 5, 7.5, 10 ವೋಲ್ಟುಗಳನ್ನು ನಮ್ಮ ಕೆಲಸಕ್ಕೆ ಬೇಕಾದಷ್ಟು ನಿಖರವಾಗಿ ಕೊಡುತ್ತದೆ. ಓಮಿಗೆ ಶೇಕಡಾ 0.1ರ ಮೆಟಲ್ ಫಿಲ್ಮ್ ರೆಸಿಸ್ಟರುಗಳು. ಇವೆರಡರ ಮೇಲೆ ಒಂದು ಒಳ್ಳೆಯ ಡಿಜಿಟಲ್ ಮೀಟರು, ಅದಕ್ಕೆ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನ ಪ್ರಮಾಣಪತ್ರ. ಹೈದರಾಬಾದ್, ಬೆಂಗಳೂರು ಎರಡೂ ಕಡೆ ಕೇಂದ್ರ ಸರ್ಕಾರದ ಎಸ್‌ಟಿಕ್ಯೂಸಿ ಪ್ರಯೋಗಾಲಯಗಳಿವೆ. ಆ ಸರಪಳಿ ಕೊನೆಗೆ ಮುಟ್ಟುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ. ಗೆಳೆಯರು ಕೂಡಿ ಒಂದೇ ಮೀಟರಿಗೆ ಪ್ರಮಾಣಪತ್ರ ಮಾಡಿಸಿ ಹಂಚಿಕೊಂಡರೆ ಖರ್ಚು ಹಗುರ.

ಪ್ರತಿ ಸ್ಕೇಲಿನಲ್ಲಿ ಐದು ಕಡೆ ಅಳೆದು ಬರೆಯಿರಿ, ಮುಳ್ಳು ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಎರಡರ ನಡುವೆ ವ್ಯತ್ಯಾಸವಿದ್ದರೆ ತಿರುಗಣಿ ಸವೆದಿದೆ ಅಥವಾ ಕೊಳೆ ಇದೆ. ಎಲ್ಲ ರೇಂಜಿನಲ್ಲೂ ಒಂದೇ ಪ್ರಮಾಣದಲ್ಲಿ ಕಡಿಮೆ ತೋರಿಸಿದರೆ ಅಯಸ್ಕಾಂತ ಸೋತಿದೆ. ಆಗ ಅದರ ಬಾಯಿಗೆ ಅಡ್ಡವಿರುವ ಕಬ್ಬಿಣದ ಪಟ್ಟಿಯನ್ನು ಸರಿಸಬೇಕೇ ಹೊರತು ರೆಸಿಸ್ಟರುಗಳನ್ನು ಬದಲಿಸಬಾರದು. ಒಂದೇ ರೇಂಜು ತಪ್ಪಿದ್ದರೆ ಆ ರೇಂಜಿನ ರೆಸಿಸ್ಟರು. ಈ ಕೆಲಸಕ್ಕೆ ನಮ್ಮ ಬೇಸಿಗೆಯ ಮಧ್ಯಾಹ್ನ ಬೇಡ. ಬೆಳಗಿನ ತಂಪಿನಲ್ಲಿ ಕೂತುಕೊಳ್ಳಿ.

12. ಮಾಡಿದ್ದನ್ನೆಲ್ಲ ಬರೆದು ಪೆಟ್ಟಿಗೆಯೊಳಗೇ ಇಡಿ

ಏನು ಕೆಟ್ಟಿತ್ತು, ಏನು ಹಾಕಿದಿರಿ, ಯಾವ ತಾರೀಖು, ಎಷ್ಟು ತೋರಿಸಿತು. ತೆಗೆದ ಭಾಗಗಳನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ಅದರ ಜೊತೆಗೇ ಇಡಿ. ನಾನು ಕನ್ನಡದಲ್ಲೂ ತೆಲುಗಿನಲ್ಲೂ ಬರೆದಿಡುತ್ತೇನೆ, ಈ ಸೀಮೆಯಲ್ಲಿ ಮುಂದೆ ಬಿಚ್ಚುವವರು ಯಾವ ಶಾಲೆಯಲ್ಲಿ ಓದಿದವರೋ ಹೇಳಲಾಗದು. ಹಳಬರು ಪೆನ್ಸಿಲ್ಲಿನಲ್ಲಿ ಒಳಮುಚ್ಚಳದ ಮೇಲೆ ಬರೆದ ಟಿಪ್ಪಣಿ, ಕಾಲೇಜಿನ ದಾಸ್ತಾನು ಸಂಖ್ಯೆ, ಮಾಸಿದ ಕ್ಯಾಲಿಬ್ರೇಷನ್ ಚೀಟಿ ಕಂಡರೆ ಅಳಿಸಬೇಡಿ. ಹೊಸ ಪೇಂಟು ಹೊಡೆಯುವ ಆಸೆಯನ್ನೂ ತಡೆಯಿರಿ.

13. ಎಲ್ಲವನ್ನೂ ಮನೆಗೆ ತರಬೇಡಿ

ಮ್ಯಾನ್ಯುಯಲ್ ಸಿಗದ, ಟ್ರಾನ್ಸ್‌ಫಾರ್ಮರ್ ಸುಟ್ಟ, ಚಿತ್ರನಳಿಗೆ ಮಂಕಾದ ಸೆಟ್ಟು ಬಿಟ್ಟುಬಿಡಿ. ಒಂದೇ ಮಾದರಿಯ ಎರಡು ಇದ್ದರೆ ಒಂದನ್ನು ಐಟಿಐ ತರಬೇತಿ ಶಾಲೆಯಲ್ಲೋ ಪಾಲಿಟೆಕ್ನಿಕ್ಕಿನಲ್ಲೋ ಕಲಿಯುವ ಹುಡುಗಿ ಅಥವಾ ಹುಡುಗನ ಕೈಗೆ ಕೊಡಿ. ಹಿಂದಿನವರು ಕೊಟ್ಟದ್ದರಿಂದಲೇ ನಮ್ಮ ಕೈಗೆ ಬಂತು.

ಕೊನೆಯದಾಗಿ ಅಂಗಡಿ ಮುಚ್ಚುತ್ತಿರುವ ಮೆಕ್ಯಾನಿಕ್ಕುಗಳಿಗೆ, ಅವರ ಮನೆಯವರಿಗೆ ಒಂದು ಬಿನ್ನಹ. ಬೇಕಲೈಟ್ ಪೆಟ್ಟಿಗೆಯನ್ನು ತಾಮ್ರಕ್ಕೆಂದು ಒಡೆದರೆ ಸಿಗುವುದು ಒಂದು ಹಿಡಿಯೂ ಇಲ್ಲ. ತೂಕಕ್ಕೆ ಹಾಕುವ ಮೊದಲು ಮೀಟರನ್ನೂ, ಅದಕ್ಕಿಂತ ಹೆಚ್ಚಾಗಿ ಅದರ ಜೊತೆಗಿರುವ ಮ್ಯಾನ್ಯುಯಲ್ಲು, ಸರ್ಕಿಟ್ ಹಾಳೆ, ಕೈಬರಹದ ನೋಟುಪುಸ್ತಕವನ್ನೂ ಎತ್ತಿಡಿ, ಊರಿನ ಕಾಲೇಜಿನ ಎಲೆಕ್ಟ್ರಾನಿಕ್ಸ್ ಮೇಷ್ಟ್ರಿಗೋ ನಮ್ಮಂಥವರಿಗೋ ಒಂದು ಮಾತು ತಿಳಿಸಿ. ಮೀಟರು ಕೆಟ್ಟಿದ್ದರೂ ಪರವಾಗಿಲ್ಲ.